ಸಂಕಲನದ ಮೇಜಿನಿಂದ ನಿರ್ದೇಶಕ ಪೀಠಕ್ಕೆ

ಹಾಲಿವುಡ್ಡಿನ ಸ್ಟುಡಿಯೋ ಯುಗವನ್ನು ಕುರಿತು ಬರೆಯುವವರು ಆರ್ಸನ್ ವೆಲ್ಸನನ್ನು ಆ ಪದ್ಧತಿಗೆ ಬಲಿಯಾದ ಪ್ರತಿಭೆಯೆಂದೂ, ರಾಬರ್ಟ್ ವೈಸನನ್ನು ಅದರ ವಿಧೇಯ ಕುಶಲಕರ್ಮಿಯೆಂದೂ ವಿಂಗಡಿಸುವುದು ವಾಡಿಕೆ. ಈ ಮತವನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ವೆಲ್ಸನು ರಂಗಭೂಮಿ, ರೇಡಿಯೋಗಳಲ್ಲಿ ಗಳಿಸಿದ ಕೀರ್ತಿಯೊಡನೆ ಆರ್‌ಕೆಓ ಸಂಸ್ಥೆಗೆ ನಿರ್ದೇಶಕನಾಗಿಯೇ ಬಂದನು. ವೈಸನಾದರೋ 1933ರಲ್ಲಿ ಅಲ್ಲಿಯೇ ಸಣ್ಣ ಕೆಲಸಕ್ಕೆ ಸೇರಿ, ಧ್ವನಿ ಮತ್ತು ಚಿತ್ರಗಳ ಸಂಕಲನವನ್ನು ಕಲಿತು ಮೇಲೇರಿದವನು. 'ಸಿಟಿಜನ್ ಕೇನ್' (1941) ಚಿತ್ರದ ಸಂಕಲನಕಾರನೂ ಅವನೇ. 'ದಿ ಮ್ಯಾಗ್ನಿಫಿಸೆಂಟ್ ಆ್ಯಂಬರ್ಸನ್ಸ್' (1942) ಬಿಡುಗಡೆಗೆ ಮುನ್ನ ಪ್ರೇಕ್ಷಕರ ಅಸಹನೆಗೆ ಗುರಿಯಾದಾಗ ವೆಲ್ಸನು ಬ್ರೆಜಿಲಿನಲ್ಲಿದ್ದನು. ಸಂಸ್ಥೆಯ ಆಜ್ಞೆಯಂತೆ 40 ನಿಮಿಷಕ್ಕೂ ಮಿಕ್ಕ ಭಾಗವನ್ನು ಕತ್ತರಿಸಿದವನು ವೈಸನು. ಕತ್ತರಿಸಿದುದನ್ನು ಸಂಸ್ಥೆ ನಾಶಪಡಿಸಿತು. ಈ ನಷ್ಟಕ್ಕೆ ಪರಿಹಾರವಿಲ್ಲ. ಆದರೆ ಅಂತಿಮ ಸಂಕಲನದ ಹಕ್ಕನ್ನು ಹೊಸ ಒಪ್ಪಂದದಲ್ಲಿ ಬಿಟ್ಟುಕೊಟ್ಟವನು ಸ್ವತಃ ವೆಲ್ಸನೆಂಬುದನ್ನು ವಿಮರ್ಶಕರು ಏಕೋ ಬೇಗ ಮರೆಯುತ್ತಾರೆ.

'ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್' (1944) ಚಿತ್ರದ ನಿರ್ದೇಶಕನು ಅವಧಿಗೆ ಸರಿಯಾಗಿ ಕೆಲಸ ಮುಗಿಸದಿರಲು, ಅವನ ಸ್ಥಾನ ವೈಸನಿಗೆ ದೊರೆಯಿತು. ಪರರ ಕೃತಿಯನ್ನು ತಿದ್ದಿ ಮುಗಿಸುವುದೇ ಈ ಏಣಿಯ ಮೆಟ್ಟಿಲಾಗಿತ್ತು. 'ದಿ ಸೌಂಡ್ ಆಫ್ ಮ್ಯೂಸಿಕ್' (1965) ಚಿತ್ರಕ್ಕೆ ಅವನು ನಿರ್ಮಾಪಕನೂ ನಿರ್ದೇಶಕನೂ ಆದುದು ಅದೇ ಏಣಿಯ ತುದಿಯಲ್ಲಿ. ಇನ್ನು 'ಆ್ಯಂಬರ್ಸನ್ಸ್'ನ ಕೊನೆಯಲ್ಲಿ ಬರುವ ಆಸ್ಪತ್ರೆಯ ದೃಶ್ಯ ನಿಜವಾಗಿಯೂ ಪೇಲವ. ಆದರೆ ಅದನ್ನು ಚಿತ್ರಿಸಿದವನು ಸಹಾಯಕ ನಿರ್ದೇಶಕ ಫ್ರೆಡ್ಡಿ ಫ್ಲೆಕ್, ವೈಸನಲ್ಲ.