‘ರೂಪಾಂತರ’ವೆಂಬ ಪರಿಭಾಷೆ

ಬ್ಯಾಕ್ಟೀರಿಯಗಳು ಹೊರಗಣ ಡಿ.ಎನ್.ಎ.ಯನ್ನು ಒಳಗೊಳ್ಳುವುದಕ್ಕೆ ನಮ್ಮಲ್ಲಿ ‘ರೂಪಾಂತರ’ವೆನ್ನುವುದುಂಟು. ಇದು ಫಲವನ್ನು ಹೇಳುವುದೇ ಹೊರತು ವ್ಯಾಪಾರವನ್ನಲ್ಲ. ೧೯೨೮ರಲ್ಲಿ ಗ್ರಿಫಿತ್ ಮಹಾಶಯರು ಕಂಡುದು ಫಲವನ್ನೇ: ನಿರಪಾಯವಾದ ನ್ಯೂಮೋನಿಯಾ ಜೀವಾಣುವು ಸತ್ತ ಮಾರಕಾಣುಗಳ ಸಂಗದಿಂದ ತಾನೂ ಮಾರಕವಾಯಿತು. ಆಗ ಆ ಹೆಸರು ಸಲ್ಲುತ್ತಿದ್ದಿತು. ಆ ದ್ರವ್ಯವು ಡಿ.ಎನ್.ಎ. ಎಂದು ಏವರಿ ಮೊದಲಾದವರು ೧೯೪೪ರಲ್ಲಿ ತೋರಿಸಿದರು. ಬಳಿಕ ತಿಳಿದುಬಂದುದೇನೆಂದರೆ, ಈ ಜೀವಾಣುವಿನ ‘ಕಾಂ’ ಜೀನುಗಳು ಪ್ರೇರಿತವಾದಾಗಲೇ ಬಾಗಿಲು ತೆರೆಯುವುದು. ಎರಡೆಳೆಗಳಲ್ಲಿ ಒಂದೇ ಒಳಹೋಗುವುದು. ಅದೂ ತನ್ನನ್ನು ಹೋಲುವೆಡೆಯನ್ನು ಕಂಡು ಸೇರಿಕೊಳ್ಳುವುದು. ಸ್ವೀಕರಿಸುವವನ ನಿಯಮವೇ ಇಲ್ಲಿ ಪ್ರಧಾನ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಪಾಠ ಹೇಳುವವರಿಗೂ, ತುಳು, ಅರೆಭಾಷೆ, ಕನ್ನಡಗಳು ಬೆರೆತಾಡುವ ಗುತ್ತಿಗಾರಿನ ಕಡೆಯವರಿಗೂ ಇದು ಹೊಸತಾಗಿ ತೋರದು. ‘ರೂಪಾಂತರ’ವಾದರೋ ಆ ಜೀವಿಯನ್ನು ಜಡವಾಗಿಸಿ, ವಿದ್ಯಾರ್ಥಿಯನ್ನು ದಾರಿ ತಪ್ಪಿಸುವುದು. ಕ್ರಿಯೆಗೆ ‘ಗ್ರಹಣ’, ಅದರ ಯೋಗ್ಯತೆಗೆ ‘ಗ್ರಹಣಶಕ್ತಿ’ ಎಂದರೆ ಲೇಸು. ಸೂರ್ಯಚಂದ್ರರ ನೆನಪು ಬಂದೀತು, ಬರಲಿ. ‘ರೂಪಾಂತರ’ವು ಫಲಕ್ಕೆ ಮಾತ್ರ ಉಳಿಯಲಿ.