ಕ್ರಯಪತ್ರದೊಳಗೆ ಮನೆ ಎಲ್ಲುಂಟು?

ನಮ್ಮ ಊರಿನ ಮನೆಗಳಲ್ಲಿ ಅತಿ ಜೋಪಾನವಾಗಿ ಕಾಪಾಡಿಕೊಂಡು ಬಂದ, ಆದರೆ ಅತಿ ಕಡಿಮೆ ಓದಲ್ಪಟ್ಟ ಗದ್ಯ ಯಾವುದು ಅಂತ ಕೇಳಿದರೆ ನಾನು ಕ್ರಯಪತ್ರ ಅಂತ ಹೇಳುತ್ತೇನೆ. ಕವಿತೆ, ಕತೆ, ಯಕ್ಷಗಾನ ಪ್ರಸಂಗಗಳ ಬಗ್ಗೆ ನಾಲ್ಕು ಮಾತು ಬರೆಯುವವರು ನಮ್ಮಲ್ಲಿ ಇದ್ದಾರೆ. ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಆ ಕಾಗದವನ್ನು ಮಾತ್ರ ಬರವಣಿಗೆ ಅಂತ ಯಾರೂ ಓದುವುದಿಲ್ಲ. ಬ್ಯಾಂಕಿನವರು ಓದುತ್ತಾರೆ, ವಕೀಲರು ಓದುತ್ತಾರೆ, ಅವರಿಗೆ ಬೇಕಾದ್ದು ಬೇರೆ. ಇಲ್ಲಿ ಅದನ್ನು ಬರವಣಿಗೆ ಅಂತಲೇ ಓದಿ ನೋಡುವ. ಒಬ್ಬರ ಮನೆ ಇನ್ನೊಬ್ಬರದಾಗುವಾಗ ಈ ಕಾಗದ ಎಂತ ಹೇಳುತ್ತದೆ, ಎಂತದ್ದನ್ನು ಹೇಳದೆ ಬಿಡುತ್ತದೆ?

ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ಕಾಲದ ಕನ್ನಡ ಕ್ರಯಪತ್ರ, ಗೇಣಿಚೀಟು, ವಿಭಾಗಪತ್ರಗಳು ನಮ್ಮ ಹಲವು ಮನೆಗಳಲ್ಲಿ ಈಗಲೂ ಉಂಟು. ಓದಲಿಕ್ಕೆ ಕೂತರೆ ಮೊದಲು ಉಸಿರು ಕಟ್ಟುತ್ತದೆ. ಪೂರ್ಣವಿರಾಮ ಅಂತ ಒಂದು ಇಲ್ಲ. ಒಂದೇ ವಾಕ್ಯ ಒಂದು ಪುಟ ದಾಟಿ ಹೋಗುತ್ತದೆ. ಬರೆಸಿಕೊಂಡವರು ಯಾರು, ಬರೆದುಕೊಟ್ಟವರು ಯಾರು, ಅವರ ತಂದೆ ಯಾರು, ಅಳಿಯಸಂತಾನದವರಾದರೆ ತಾಯಿ ಯಾರು, ಎಲ್ಲ ಹೇಳಿ ಮುಗಿಸಿದ ಮೇಲೆ ‘ಕ್ರಮವೇನೆಂದರೆ’ ಅಂತ ಒಂದು ಮಾತು ಬರುತ್ತದೆ. ಕತೆ ಅಲ್ಲಿಂದ ಶುರು.

ಕತೆ ಅಂತ ನಾನು ತಮಾಷೆಗೆ ಹೇಳಿದ್ದಲ್ಲ. ಹಳೆಯ ಪತ್ರದಲ್ಲಿ ಮಾರುವವನು ಯಾಕೆ ಮಾರುತ್ತಿದ್ದಾನೆ ಅಂತ ಹೇಳಲೇಬೇಕಾಗಿತ್ತು. ಒಟ್ಟುಕುಟುಂಬದ ಆಸ್ತಿಯನ್ನು ಯಜಮಾನನು ತನ್ನ ಮನಸ್ಸಿಗೆ ಬಂದ ಹಾಗೆ ಮಾರಲಿಕ್ಕೆ ಬರುತ್ತಿರಲಿಲ್ಲ. ಕುಟುಂಬಕ್ಕೆ ಅಗತ್ಯ ಉಂಟು ಅಂತ ತೋರಿಸಬೇಕು. ಇಲ್ಲದಿದ್ದರೆ ನಾಳೆ ಒಬ್ಬ ಅಳಿಯನೋ ಮಗನೋ ಬಂದು ಈ ಕ್ರಯ ನಡೆಯುವುದಿಲ್ಲ ಅಂತ ದಾವೆ ಹಾಕಿಯಾನು. ಹಾಗಾಗಿ ಪತ್ರ ಬರೆಯುವವನು ಸಾಲದ ವಿವರ ಬರೆದ, ಮದುವೆಯ ಖರ್ಚು ಬರೆದ, ಕೋರ್ಟಿನ ಖರ್ಚು ಬರೆದ, ಯಾರ ಬೊಜ್ಜಕ್ಕೆ ಎಷ್ಟು ಹಣ ಯಾರಿಂದ ತಂದದ್ದು ಅಂತ ಸಹ ಬರೆದ. ಕಾನೂನಿನ ಹೆದರಿಕೆಯಿಂದ ಹುಟ್ಟಿದ ಈ ಭಾಗ ಇವತ್ತು ಓದುವವನಿಗೆ ಒಂದು ಮನೆತನ ಇಳಿದುಹೋದ ಚರಿತ್ರೆ ಆಗಿ ಕಾಣುತ್ತದೆ. 1976ರಲ್ಲಿ ಕೇರಳದಲ್ಲಿ ಒಟ್ಟುಕುಟುಂಬ ಪದ್ಧತಿಯೇ ಕಾನೂನಿನಿಂದ ರದ್ದಾಯಿತು. ಆಸ್ತಿ ಒಬ್ಬೊಬ್ಬರ ಪಾಲಿನದ್ದಾಯಿತು. ತನ್ನದನ್ನು ಮಾರುವವನು ಕಾರಣ ಯಾಕೆ ಹೇಳಬೇಕು? ಒಳ್ಳೆಯದೇ ಆಯಿತು, ಆದರೆ ಪತ್ರದಿಂದ ಕತೆ ಹೋಯಿತು. ಅಗತ್ಯ ಅಂತ ಒಂದು ಪದ ಕೆಲವು ಪತ್ರಗಳಲ್ಲಿ ಇನ್ನೂ ಉಳಿದುಕೊಂಡಿದೆ, ಬಾಲ ಬಿಟ್ಟು ಓಡಿದ ಹಲ್ಲಿಯ ಬಾಲದ ಹಾಗೆ.

ಎರಡನೆಯ ರುಚಿ ಚಕ್ಕುಬಂದಿಯದ್ದು. ಮೂಡಣಕ್ಕೆ ತೋಡು, ತೆಂಕಣಕ್ಕೆ ಕಟ್ಟಪುಣಿ, ಪಡುವಣಕ್ಕೆ ದರೆ, ಬಡಗಣಕ್ಕೆ ಇಂತಿಂಥವರ ಅಗಳು. ಅದರೊಳಗೆ ಇಷ್ಟು ತೆಂಗು, ಇಷ್ಟು ಹಲಸು, ಬಾವಿ, ಹಟ್ಟಿ, ಮಾಮೂಲು ದಾರಿ. ಓದಿದವನು ಆ ಜಾಗದಲ್ಲಿ ಕಾಲಿಟ್ಟು ಒಂದು ಸುತ್ತು ಬರಬಹುದು. ಕೊನೆಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಅಂತ ಅಷ್ಟಭೋಗದ ಸಾಲು. ಇದು ಶಾಸನಗಳ ಕಾಲದಿಂದ ಬಂದ ಮಾತು. ರಾಜರು ಊರಿಗೆ ಊರೇ ದಾನ ಕೊಡುವಾಗ ಕಲ್ಲಿನಲ್ಲಿ ಕೆತ್ತಿಸಿದ್ದನ್ನು ನಮ್ಮ ಅಜ್ಜಂದಿರು ಹತ್ತು ಸೆಂಟ್ಸಿನ ಹುಲ್ಲು ಮಾಡಿನ ಮನೆಗೂ ಬರೆಸಿದರು. ಅತಿ ಆಯಿತು ಅಂತ ನಗಬಹುದು. ನನಗೆ ಹಾಗೆ ಕಾಣುವುದಿಲ್ಲ. ತನ್ನ ಬಡ ಮನೆಯೂ ಒಂದು ರಾಜ್ಯವೇ ಅಂತ ಆ ಸಾಲು ಹೇಳುತ್ತಿತ್ತು.

ಆದರೆ ಹಳೆಯದೆಲ್ಲ ಚಂದ ಅಂತ ಹಾಡಿ ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಆ ಪತ್ರಗಳಲ್ಲಿ ಹಲಸಿನ ಮರಕ್ಕೆ ಲೆಕ್ಕ ಉಂಟು, ಆ ಮರದ ಆಚೆ ಗುಡಿಸಲು ಕಟ್ಟಿ ಕೂತ ಆಳಿನವರಿಗೆ ಹೆಸರಿಲ್ಲ. ಧಣಿ ಬದಲಾದರು ಅಂತ ಅವರಿಗೆ ಗೊತ್ತಾದದ್ದು ಮರುದಿನ ಕೆಲಸಕ್ಕೆ ಕರೆಯಲಿಕ್ಕೆ ಬೇರೆ ಮನುಷ್ಯ ಬಂದಾಗ. ಕೇರಳದ ಭೂಸುಧಾರಣೆ 1970ರ ಜನವರಿ 1ರಿಂದ ನಡೆಗೆ ಬಂದ ಮೇಲೆ ಕುಡಿಕಿಡಪ್ಪಿನವರಿಗೆ ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸಿನವರೆಗೆ ಪಡೆಯುವ ಹಕ್ಕು ಸಿಕ್ಕಿತು. ಅಂಥ ಹಲವು ಮನೆಗಳ ಮೊತ್ತಮೊದಲ ಕಾಗದ ಮಲಯಾಳದಲ್ಲಿ ಬಂದ ಪಟ್ಟಯ. ಕನ್ನಡದ ಪತ್ರ ಹೋಗಿ ಮಲಯಾಳದ್ದು ಬಂತು ಅಂತ ನಾವು ಸಂಕಟ ಪಡುವಾಗ, ಕನ್ನಡದ ಪತ್ರದಲ್ಲಿ ಎಂದೂ ಹೆಸರೇ ಇಲ್ಲದವರು ನಮ್ಮ ಪಕ್ಕದಲ್ಲಿಯೇ ಕೂತಿದ್ದಾರೆ ಅಂತ ನೆನಪಿರಲಿ.

ಈಗಿನ ತೀರಾಧಾರಕ್ಕೆ ಬರುವ. ಮಲಯಾಳದಲ್ಲಿ ‘ತೀರ್’ ಅಂದರೆ ಪೂರ್ತಿ ಕ್ರಯ. ನಮ್ಮ ಕಿವಿಗೆ ತೀರಿತು, ತೀರಿಹೋಯಿತು ಅಂತ ಕೇಳುತ್ತದೆ. ಪದಗಳ ಮಟ್ಟಿಗೆ ಹೇಳುವುದಾದರೆ ಅವರಲ್ಲಿ ನಮಗಿಂತ ಜೀವ ಇರುವ ಮಾತುಗಳು ಉಂಟು. ನಾವು ‘ಸ್ವಾಧೀನ’ ಅನ್ನುವುದನ್ನು ಅವರು ‘ಕೈವಶ’ ಅನ್ನುತ್ತಾರೆ, ಅದರಲ್ಲಿ ಕೈ ಉಂಟು. ಖಾತೆ ಬದಲಾವಣೆಗೆ ‘ಪೋಕ್ಕುವರವು’, ಅಂದರೆ ಹೋಕುಬರವು. ಒಬ್ಬ ಹೋದ, ಒಬ್ಬ ಬಂದ. ಇದಕ್ಕಿಂತ ಚೊಕ್ಕ ಮಾತು ಬೇಕಾ? ನನ್ನ ತಕರಾರು ಆ ಭಾಷೆಯ ಮೇಲೆ ಅಲ್ಲ. ಕನ್ನಡ ಶಾಲೆಯಲ್ಲಿ ಓದಿದ ಎಪ್ಪತ್ತು ವರ್ಷದ ಹೆಂಗಸು ತಾನು ಹುಟ್ಟಿ ಬೆಳೆದ ಮನೆಯನ್ನು ಮಾರುವಾಗ, ತನಗೆ ಓದಲಿಕ್ಕೆ ಬಾರದ ಲಿಪಿಯ ಹಾಳೆಹಾಳೆಗೂ ರುಜು ಹಾಕುತ್ತಾಳೆ. ಬರೆದವರು ಬಾಯಲ್ಲಿ ಎರಡು ಮಾತಿನಲ್ಲಿ ಅರ್ಥ ಹೇಳುತ್ತಾರೆ: ಎಲ್ಲ ಸರಿ ಉಂಟು, ಇಲ್ಲಿ ಸೈನ್ ಹಾಕಿ ಅಕ್ಕ. 1908ರ ನೋಂದಣಿ ಕಾಯ್ದೆಯ 19ನೇ ಸೆಕ್ಷನ್ ನೋಡಿದರೆ, ಅಧಿಕಾರಿಗೆ ತಿಳಿಯದ, ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ ಭಾಷೆಯ ಪತ್ರಕ್ಕೆ ಅನುವಾದ ಜೊತೆಗಿರಬೇಕು ಅಂತ ಉಂಟು. ಅಧಿಕಾರಿಗೆ ಅರ್ಥ ಆಗಬೇಕು ಅಂತ ಕಾನೂನು ಎಷ್ಟು ಕಾಳಜಿ ಮಾಡಿದೆ! ರುಜು ಹಾಕುವ ಆ ಅಕ್ಕನ ಬಗ್ಗೆ ಅಂಥ ಸೆಕ್ಷನ್ ನನ್ನ ಕಣ್ಣಿಗೆ ಬಿದ್ದಿಲ್ಲ.

ಊರ ಹೆಸರುಗಳ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಅಡ್ಕ ಅಂದರೆ ಮುರಕಲ್ಲಿನ ಬಯಲು ಅಂತ ತುಳು-ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬದಿಯಡ್ಕವು ಮಲಯಾಳ ಬರಹದಲ್ಲಿ ‘ಬದಿಯಡುಕ್ಕ’ ಆದಾಗ, ಕಾರಡ್ಕ ‘ಕಾರಡುಕ್ಕ’ ಆದಾಗ ಆ ಬಯಲು ಮಾಯ. ದೊಡ್ಡ ಊರುಗಳಿಗೆ ಹೇಗೂ ಬಸ್ಸಿನ ಬೋರ್ಡು ಉಂಟು, ಹೆಸರು ಉಳಿದೀತು. ಸಣ್ಣ ಮೂಲೆ, ಕಜೆ, ಕೋಡಿಗಳ ಹೆಸರು ಬರವಣಿಗೆಯಲ್ಲಿ ಬದುಕುವುದು ಹೆಚ್ಚಾಗಿ ಈ ಪತ್ರಗಳ ಷೆಡ್ಯೂಲಿನಲ್ಲಿ ಮಾತ್ರ. ಅಲ್ಲಿ ಒಮ್ಮೆ ತಪ್ಪಿದರೆ ಮುಂದಿನ ಪತ್ರ ಆ ತಪ್ಪನ್ನೇ ನೋಡಿ ಬರೆಯುತ್ತದೆ. ಮೂರನೆಯ ಕ್ರಯಕ್ಕೆ ಅದೇ ಊರ ಹೆಸರು.

ಹೊಸ ಪತ್ರ ಹಣದ ವಿಷಯದಲ್ಲಿ ಮಾತ್ರ ಬಾಯಿ ಬಿಟ್ಟು ಮಾತಾಡುತ್ತದೆ. 2015ರ ಜೂನ್‌ನಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ನಗದು ತೆಗೆದುಕೊಳ್ಳಲಿಕ್ಕಿಲ್ಲ. ಆದ್ದರಿಂದ ಚೆಕ್ಕಿನ ನಂಬರು, ಬ್ಯಾಂಕಿನ ಹೆಸರು, ತಾರೀಕು ಎಲ್ಲ ಬರುತ್ತದೆ. 2001ರ ತಿದ್ದುಪಡಿಯ ಮೇಲೆ ಎರಡೂ ಕಡೆಯವರ ಫೋಟೋ, ಬೆರಳಚ್ಚು ಬೇಕು. ಮೋಸ ಕಡಿಮೆ ಆಗಲಿಕ್ಕೆ ಇದೆಲ್ಲ ಬೇಕಾದ್ದೇ, ಬೇಡ ಅನ್ನುವುದಿಲ್ಲ. ಪತ್ರದಲ್ಲಿ ಈಗ ಮನುಷ್ಯರ ಮುಖ ಉಂಟು, ಹಣ ನಡೆದ ದಾರಿ ಉಂಟು. ಮನೆ ಎಲ್ಲಿ ಅಂತ ಹುಡುಕಿದರೆ ರೀಸರ್ವೆ ನಂಬರು, ಇಷ್ಟು ಆರ್ ವಿಸ್ತೀರ್ಣ, ಪಂಚಾಯತಿನ ಮನೆ ನಂಬರು, ‘ಅದರಲ್ಲಿರುವ ಸಕಲವೂ’. ಈ ‘ಸಕಲ’ ಅನ್ನುವುದು ಹಳೆಯ ಅಷ್ಟಭೋಗದ ಮೊಮ್ಮಗ, ಆದರೆ ಅಜ್ಜನಿಗಿದ್ದ ಎಂಟು ಹೆಸರಲ್ಲಿ ಒಂದೂ ಇವನಿಗೆ ಗೊತ್ತಿಲ್ಲ.

ಇನ್ನು ಹಸ್ತಾಂತರದ ಮಾತು. ಇಡೀ ಪತ್ರದಲ್ಲಿ ಮನೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಬಗ್ಗೆ ಇರುವುದು ಹೆಚ್ಚಾಗಿ ಒಂದೇ ವಾಕ್ಯ: ಇಂದೇ ಕೈವಶ ಬಿಟ್ಟುಕೊಟ್ಟಿದೆ. ಎಷ್ಟೋ ಸಲ ಸುಳ್ಳಾಗಿರುವ ವಾಕ್ಯವೂ ಅದೇ. ಮಕ್ಕಳ ಪರೀಕ್ಷೆ ಮುಗಿಯಲಿ, ಅಡಿಕೆ ಒಣಗಲಿ, ಹೊಸ ಮನೆಯ ಒಕ್ಕಲಾಗಲಿ ಅಂತ ಮಾರಿದವರು ಒಂದೆರಡು ತಿಂಗಳು ಅಲ್ಲೇ ಇರುತ್ತಾರೆ. ಪತ್ರದ ಪ್ರಕಾರ ಬಿಟ್ಟುಕೊಟ್ಟಾಗಿದೆ, ಒಲೆಯಲ್ಲಿ ಬೆಂಕಿ ಮಾತ್ರ ಅವರದ್ದೇ. ಎಲ್ಲರಿಗೂ ಗೊತ್ತು, ಎಲ್ಲರೂ ನಂಬಿಕೆಯ ಮೇಲೆ ನಡೆಸುತ್ತಾರೆ. ಆಟಿ ತಿಂಗಳ ಗಾಳಿಗೆ ಮರ ಬಿದ್ದು ಮಾಡು ಮುರಿದರೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ನಿನ ಪ್ರಕಾರ ಒಡೆತನ ದಾಟಿದ ಮೇಲೆ, ಮಾರಿದವನ ಕೈಯಿಂದ ಆಗದ ನಷ್ಟ ಕೊಂಡವನದ್ದು. ತಾನು ಒಂದು ರಾತ್ರಿಯೂ ಮಲಗದ ಮನೆಯ ಮಾಡನ್ನು ಅವನು ಹೊದಿಸಬೇಕು. ಎರಡು ತಿಂಗಳು ಇರುತ್ತೇವೆ, ಅಷ್ಟರವರೆಗೆ ರಿಪೇರಿ ಇಂಥವರದ್ದು ಅಂತ ಎರಡು ಗೆರೆ ಬರೆಸಲಿಕ್ಕೆ ಯಾರಿಗೂ ನಾಲಗೆ ಬರುವುದಿಲ್ಲ. ಕೇಳಿದರೆ ಅಪನಂಬಿಕೆ ಅಂತ ಆಗುತ್ತದಲ್ಲ.

ತಮಾಷೆ ಏನೆಂದರೆ, ಮನೆಯನ್ನು ಮನೆ ಅಂತ ಕಂಡದ್ದು ಆ ಹಳೆಯ ಕಾಯ್ದೆಯೇ. ಅದರ 8ನೇ ಸೆಕ್ಷನ್ ಓದಿ ನೋಡಿ. ಮನೆ ಮಾರಿದರೆ ಅದರ ಜೊತೆಗೆ ದಾರಿ-ನೀರಿನಂಥ ಹಕ್ಕುಗಳೂ ಬೀಗ, ಕೀಲಿಕೈ, ಅಗುಳಿ, ಬಾಗಿಲು, ಕಿಟಕಿಗಳೂ ಹೋಗುತ್ತವೆ ಅಂತ ಒಂದೊಂದಾಗಿ ಹೆಸರು ಹಿಡಿದು ಹೇಳಿದೆ. ಕಾನೂನು ಬರೆದವನು ಒಮ್ಮೆ ಮನೆಯೊಳಗೆ ನಡೆದುಕೊಂಡು ಹೋಗಿ ಬಾಗಿಲು ತಟ್ಟಿ ನೋಡಿದ ಹಾಗೆ. ನಮ್ಮ ಪತ್ರ ಬರೆಯುವವರು ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆರೆದು ಹೆಸರು, ನಂಬರು ಬದಲಾಯಿಸಿ ಕೊಡುತ್ತಾರೆ. ಅವರನ್ನು ಬೈದು ಪ್ರಯೋಜನ ಇಲ್ಲ. ಅವರು ಬೇರೆ ಕೇಳಿದವರಿಗೆ ಬೇರೆ ಬರೆದು ಕೊಡುವವರೇ. ನಾವು ಕೇಳುವುದಿಲ್ಲ.

ಕೇಳದೆ ಬಿಟ್ಟದ್ದು ಎಲ್ಲಿಗೆ ಮುಟ್ಟುತ್ತದೆ ಅಂತ ಬಾವಿಯ ವಿಷಯದಲ್ಲಿ ನೋಡಬೇಕು. ಪಾಲಾದ ಮನೆಗಳಲ್ಲಿ ಒಂದೇ ಬಾವಿ, ಎರಡು ಹಿತ್ತಿಲು. ವಿಭಾಗಪತ್ರದಲ್ಲಿ ನೀರು ಸೇದುವ ಹಕ್ಕು ಅಂತ ಬರೆದಿರುತ್ತದೆ. ಬರೆದಾಗ ಹಗ್ಗ, ರಾಟೆ, ಕೊಡಪಾನ. ಅಣ್ಣ-ತಮ್ಮಂದಿರ ಕಾಲದಲ್ಲಿ ಕೇಳುವವರಿಲ್ಲ. ಒಂದು ಪಾಲು ಹೊರಗಿನವರಿಗೆ ಮಾರಿ ಹೋದ ಮೇಲೆ ಅವರು ಮೋಟಾರು ಇಡಲಿಕ್ಕೆ ಬರುತ್ತಾರೆ. ಸೇದುವುದು ಅಂದರೆ ಪಂಪು ಇಡುವುದೂ ಸೇರುತ್ತದಾ? ಪೈಪು ನಮ್ಮ ಅಂಗಳದ ಅಡಿಯಲ್ಲಿ ಹೋಗಬಹುದಾ? ಏಪ್ರಿಲ್‌ನಲ್ಲಿ ನೀರು ತಳ ಕಂಡಾಗ ಯಾರಿಗೆ ಮೊದಲು? ಒಂದು ಕ್ರಿಯಾಪದದ ಅರ್ಥಕ್ಕಾಗಿ ಎರಡು ಮನೆಯವರು ವರ್ಷಗಟ್ಟಲೆ ಮಾತು ಬಿಟ್ಟು ಕೂರುತ್ತಾರೆ. ಹಳೆಯ ಪತ್ರದ ‘ಮಾಮೂಲು ದಾರಿ’ಯದ್ದೂ ಇದೇ ಪಾಡು. ಮಾಮೂಲು ಯಾವುದು ಅಂತ ಹೇಳುವ ಮುದುಕರು ಇರುವವರೆಗೆ ಅದು ದಾರಿ. ಆಮೇಲೆ ಅದು ಕಾರು ಹೋಗದ ಮೂರು ಅಡಿ ಜಗಳ. ಇಂಥ ಹಕ್ಕುಗಳನ್ನು ಪತ್ರದೊಳಗೇ ಬರೆಸಬೇಕು, ಅಗಲ ಎಷ್ಟು, ಎಲ್ಲಿಂದ ಎಲ್ಲಿಗೆ, ಪಂಪು ಉಂಟಾ ಇಲ್ವಾ ಅಂತ.

ದೈವದ ಮಾತು ಇನ್ನೂ ಸೂಕ್ಷ್ಮ. ಹಿತ್ತಿಲ ಮೂಲೆಯಲ್ಲಿ ಒಂದು ಕಲ್ಲು, ಒಂದು ನಾಗಬನ, ವರ್ಷಕ್ಕೊಮ್ಮೆ ತಂಬಿಲ. ಜಾಗ ಮಾರಿದವರು ಬೇರೆ ಊರಿಗೆ ಹೋಗುತ್ತಾರೆ, ದೈವ ಹೋಗುವುದಿಲ್ಲ. ಕೊಂಡವರು ಬೇರೆ ಮತದವರಾಗಿದ್ದರೂ ದೀಪ ಇಡುವ ದಾರಿ ಬಿಟ್ಟುಕೊಟ್ಟ ಮನೆಗಳು ನಮ್ಮಲ್ಲಿ ಉಂಟು. ಅದು ಮರ್ಯಾದೆಯಿಂದ ನಡೆದದ್ದು, ಕಾಗದದಿಂದ ಅಲ್ಲ. ಆದರೆ ಆ ಕೊಂಡವರು ಮತ್ತೊಬ್ಬರಿಗೆ ಮಾರಿದಾಗ ಮರ್ಯಾದೆ ಷೆಡ್ಯೂಲಿನಲ್ಲಿ ಇರುವುದಿಲ್ಲ. ಮೂರನೆಯವನು ಜೆಸಿಬಿ ತಂದ ದಿನ ಅವನಿಗೆ ಬನ ಅಂತ ಗೊತ್ತೇ ಇರುವುದಿಲ್ಲ.

ಹಾಗಾಗಿ ನಾನು ಕೇಳುವುದು ಸಣ್ಣದು. ಮನೆ ಮಾರುವವರು, ಕೊಳ್ಳುವವರು ತೀರಾಧಾರದ ಜೊತೆಗೆ ಒಂದು ಹಾಳೆ ಕನ್ನಡದಲ್ಲಿ ಬರೆದು ಇಬ್ಬರೂ ರುಜು ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಲಿ. ಅದು ಹಕ್ಕು ಹುಟ್ಟಿಸುವ ಪತ್ರ ಅಲ್ಲ, ಕೊಟ್ಟದ್ದು ತೆಗೆದುಕೊಂಡದ್ದರ ನೆನಪು. ಮನೆ ನಿಜವಾಗಿ ಖಾಲಿಯಾದ ತಾರೀಕು. ಆ ದಿನದ ಕರೆಂಟು ಮೀಟರಿನ ಅಂಕೆ. ಕೊಟ್ಟ ಹಳೆಯ ಪತ್ರಗಳು ಎಷ್ಟು, ಯಾವ್ಯಾವ ವರ್ಷದ್ದು. ಹಣ ಪೂರ್ತಿ ಮುಟ್ಟಿದ ಮೇಲೆ ಅವನ್ನು ಕೊಡಬೇಕು ಅಂತ ಕಾಯ್ದೆಯಲ್ಲಿಯೇ ಉಂಟು. ನೀರಿನ ಪೈಪು ನೆಲದಡಿಯಲ್ಲಿ ಎಲ್ಲಿ ತಿರುಗುತ್ತದೆ, ಕಕ್ಕಸಿನ ಗುಂಡಿ ಎಲ್ಲಿ, ಯಾವ ಕೋಣೆಯ ಹಂಚು ಮಳೆಗೆ ಸೋರುತ್ತದೆ (ಕಣ್ಣಿಗೆ ಕಾಣದ ದೊಡ್ಡ ದೋಷ ಮುಚ್ಚಿಡಬಾರದು ಅಂತಲೂ 55ನೇ ಸೆಕ್ಷನ್ ಹೇಳುತ್ತದೆ), ಬಾವಿ ಯಾವ ತಿಂಗಳು ಬತ್ತುತ್ತದೆ, ತಂಬಿಲ ಯಾವಾಗ, ದೀಪಕ್ಕೆ ಬರುವವರು ಯಾವ ಮನೆಯವರು. ಆ ಮೂಲೆಯ ಹೆಸರು ನಮ್ಮ ಬಾಯಲ್ಲಿ ಹೇಗೆ ಉಂಟೋ ಹಾಗೆಯೇ. ಮತ್ತೆ ಕೀಲಿಕೈ ಗೊಂಚಲಿನಲ್ಲಿ ತುಕ್ಕು ಹಿಡಿದ ಆ ಉದ್ದದ್ದು ಅಟ್ಟದ ಬಾಗಿಲಿನದ್ದು, ಎಡಕ್ಕೆ ತಿರುಗಿಸಬೇಕು ಅಂತ.