ಹಲ್ಲಿನ ಚರ್ಮದಷ್ಟು ಅಂತರ

ಇಂಗ್ಲಿಷ್ ನುಡಿಗಟ್ಟುಗಳನ್ನು ಮಕ್ಕಳು ಪರೀಕ್ಷೆಗಾಗಿ ಉರುಹೊಡೆಯುವುದನ್ನು ನೀವು ನೋಡಿರುತ್ತೀರಿ. ಎಡಗಡೆ ನುಡಿಗಟ್ಟು, ಬಲಗಡೆ ಅದರ ಅರ್ಥ. 'ಬೈ ದ ಸ್ಕಿನ್ ಆಫ್ ಒನ್ಸ್ ಟೀತ್' ಎಂದರೆ ಕೂದಲೆಳೆಯ ಅಂತರದಲ್ಲಿ ಪಾರಾಗುವುದು. ಅಲ್ಲಿಗೆ ಪಾಠ ಮುಗಿಯಿತು. ಆದರೆ ಹಲ್ಲಿಗೆ ಚರ್ಮವೆಲ್ಲಿದೆ? ಈ ಸರಳ ಪ್ರಶ್ನೆಯನ್ನು ಕೇಳಿದವರಿಗೇ ನುಡಿಗಟ್ಟು ತನ್ನ ಬಾಗಿಲು ತೆರೆಯುತ್ತದೆ.

ಈ ಮಾತಿನ ಮೂಲ ಯೋಬನ ಗ್ರಂಥದ 19ನೆಯ ಅಧ್ಯಾಯ, 20ನೆಯ ವಚನ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬ, ಸಂತೈಸಲು ಬಂದು ಆರೋಪಿಸತೊಡಗಿದ ಗೆಳೆಯರಿಗೆ ಉತ್ತರಿಸುತ್ತಾ ಇದನ್ನು ಆಡುತ್ತಾನೆ. ಹಿಬ್ರೂ ಮೂಲದ ಈ ಸಾಲು ಕ್ಲಿಷ್ಟವಾದುದು; ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಸಂತ ಜೆರೋಮರ ಲತೀನ್ ಅನುವಾದದಲ್ಲಿ ಹಲ್ಲುಗಳ ಸುತ್ತ ತುಟಿಗಳಷ್ಟೇ ಉಳಿದಿವೆ ಎಂಬ ಅರ್ಥವಿದೆ. 1560ರ ಜಿನೀವಾ ಬೈಬಲ್ ಹಿಬ್ರೂ ಪದಗಳನ್ನು ಇದ್ದಂತೆಯೇ ಇಂಗ್ಲಿಷಿಗೆ ತಂದಿತು. 1611ರ ಕಿಂಗ್ ಜೇಮ್ಸ್ ಬೈಬಲ್ ಅದನ್ನು ಉಳಿಸಿಕೊಂಡಿತು. ಏನೂ ಉಳಿಯದವನ ನರಳಾಟವಾಗಿದ್ದ ಮಾತು ಕಾಲಕ್ರಮೇಣ ಪಾರಾದವನ ನಿಟ್ಟುಸಿರಾಯಿತು. ಇಂದು ಓಡಿಬಂದು ರೈಲು ಹಿಡಿದವನೂ ಅದನ್ನು ಬಳಸಬಲ್ಲ.

ಸವೆದ ಈ ನಾಣ್ಯಕ್ಕೆ ಮತ್ತೆ ಮುದ್ರೆಯೊತ್ತಿದವರು ಅಮೆರಿಕದ ನಾಟಕಕಾರ ಥಾರ್ನ್‌ಟನ್ ವೈಲ್ಡರ್. 1942ರಲ್ಲಿ, ಮಹಾಯುದ್ಧದ ನಡುವೆ, ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂದ ಅವರ ನಾಟಕದ ಹೆಸರು 'ದ ಸ್ಕಿನ್ ಆಫ್ ಅವರ್ ಟೀತ್'. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಸಂದಿತು. ಯೋಬನ 'ನನ್ನ' ಎಂಬುದನ್ನು ಅವರು 'ನಮ್ಮ' ಎಂದು ಬದಲಿಸಿದರು. ಬದಲಾದದ್ದು ಒಂದೇ ಪದ. ಆದರೆ ನಾಟಕವೆಲ್ಲ ಅದರಿಂದಲೇ ಹುಟ್ಟಿದೆ. ಆಂಟ್ರೋಬಸ್ ಎಂಬ ಒಂದು ಕುಟುಂಬ ಹಿಮಯುಗವನ್ನೂ ಜಲಪ್ರಳಯವನ್ನೂ ಯುದ್ಧವನ್ನೂ ದಾಟಿ ಬರುತ್ತದೆ. ಆ ಹೆಸರಿನಲ್ಲಿ ಮನುಷ್ಯ ಎಂಬರ್ಥದ ಗ್ರೀಕ್ ಪದವೇ ಅಡಗಿದೆ. ಮೊದಲ ಅಂಕದ ಕೊನೆಯಲ್ಲಿ ಬೆಂಕಿ ಆರದಿರಲೆಂದು ಕೆಲಸದಾಕೆ ಸಬೀನಾ ಪ್ರೇಕ್ಷಕರ ಕುರ್ಚಿಗಳನ್ನೇ ಬೇಡುತ್ತಾಳೆ. 'ನಮ್ಮ' ಎಂಬ ಪದದೊಳಗೆ ಸಭಾಂಗಣವೂ ಸೇರಿಬಿಡುತ್ತದೆ.

ಪಾರಾದವರಲ್ಲಿ ಹಿರಿಯ ಮಗ ಹೆನ್ರಿಯೂ ಇದ್ದಾನೆ. ಅವನ ಮೊದಲ ಹೆಸರು ಕಾಯಿನ. ಮೂರನೆಯ ಅಂಕದಲ್ಲಿ ಅವನೇ ಶತ್ರುವಾಗಿ ಮನೆಗೆ ಮರಳುತ್ತಾನೆ. ಕೇಡು ಹೊರಗಿನ ಪ್ರಳಯದಲ್ಲಷ್ಟೇ ಇಲ್ಲ, ನಾವು ರಕ್ಷಿಸಿ ದೋಣಿಗೆ ಹತ್ತಿಸಿಕೊಂಡವರಲ್ಲಿಯೂ ಇದೆ ಎಂಬ ಅರಿವು ನಾಟಕದ ಅತ್ಯಂತ ಕಠಿಣ ಮಾತು. ರಾತ್ರಿಯ ಗಂಟೆಗಳು ತತ್ತ್ವಜ್ಞಾನಿಗಳ ಮಾತುಗಳನ್ನು ಹೇಳುತ್ತಾ ಸಾಗುವ ಕೊನೆಯ ಭಾಗ ಮಾತ್ರ ನಾಟಕಕ್ಕಿಂತ ಉಪನ್ಯಾಸಕ್ಕೆ ಹತ್ತಿರವಾಗಿದೆ. ಹೆನ್ರಿ ಎಬ್ಬಿಸಿದ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಆದರೂ ಯುದ್ಧ ಮುಗಿದ ಜರ್ಮನಿಯಲ್ಲಿ, ಬಾಂಬಿಗೆ ಒಡೆದು ರಂಗಮಂದಿರಗಳಾಗಿದ್ದ ಚರ್ಚುಗಳಲ್ಲಿ ಈ ನಾಟಕ ಪ್ರದರ್ಶನಗೊಂಡುದನ್ನು ವೈಲ್ಡರ್ ಸ್ಮರಿಸಿದ್ದಾರೆ. ಅಲ್ಲಿ ಕುಳಿತವರಿಗೆ ಶೀರ್ಷಿಕೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಬರೆಯುವ ಆಸೆಯುಳ್ಳ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಈ ದಾರಿಯನ್ನು ತೋರಿಸಿರಿ. ನುಡಿಗಟ್ಟನ್ನು ಅಲಂಕಾರವಾಗಿ ಅಂಟಿಸಿದರೆ ಬರಹ ಬಡವಾಗುತ್ತದೆ. ಮೊದಲು ಅದನ್ನು ಆಡಿದವನು ಯಾರು, ಯಾವ ನೋವಿನಲ್ಲಿ ಆಡಿದ, ಅದರ ಒಂದು ಪದ ಬದಲಾದರೆ ಏನಾದೀತು ಎಂದು ಕೇಳಿದರೆ ಕತೆಯೇ ಹುಟ್ಟಬಹುದು. ನಮ್ಮದೇ 'ತಲೆಗೆ ಬಂದದ್ದು ರುಮಾಲಿಗೆ ಹೋಯಿತು' ಎಂಬ ಗಾದೆಯನ್ನು ಪಕ್ಕದಲ್ಲಿಟ್ಟು ನೋಡಿರಿ. ಯೋಬನ ಮಾತು ಉಳಿದುದನ್ನು ಎಣಿಸುತ್ತದೆ. ನಮ್ಮ ಗಾದೆ ಹೋದುದನ್ನು ಎಣಿಸುತ್ತದೆ. ಆ ರುಮಾಲು ಯಾರದ್ದೆಂದು ಕೇಳುವ ಮಗುವೊಂದು ನಿಮ್ಮ ಮನೆಯಲ್ಲಿರಲಿ.